ಕಣ್ಣಿನ ತಪಾಸಣೆ ರಿಪೋರ್ಟ್ ಕೈಗೆ ಬಂದ ಮೇಲಿನ ಐದು ವಾರ

ನೀವು ಕೇಳಿದ್ದು ಇಷ್ಟು. ಶುಗರ್ ಬಂದು ಹನ್ನೊಂದು ವರ್ಷ. ಈ ಸಲದ ಕಣ್ಣಿನ ತಪಾಸಣೆಯಲ್ಲಿ 'ಎರಡೂ ಕಣ್ಣಿಗೆ ಮಧ್ಯಮ ಹಂತದ ರೆಟಿನೋಪತಿ, ಬಲಗಣ್ಣಿನಲ್ಲಿ ಮ್ಯಾಕುಲಾ ಊತದ ಅನುಮಾನ, ರೆಟಿನಾ ತಜ್ಞರಿಗೆ ತೋರಿಸಿ' ಎಂದು ಬಂದಿದೆ. ತಜ್ಞರು ಸಿಗುವುದು ಐದು ವಾರ ಕಳೆದ ಮೇಲೆ. ಕಣ್ಣು ಚೆನ್ನಾಗಿಯೇ ಕಾಣುತ್ತಿದೆ, ಆದರೂ ನಿದ್ದೆ ಇಲ್ಲ. ಮನೆಯಲ್ಲಿ ಇನ್ನೂ ಹೇಳಿಲ್ಲ. ಕಣ್ಣು ಹೋಗಿಬಿಡುತ್ತದಾ? ಅಲ್ಲಿಯವರೆಗೆ ಏನು ಮಾಡಲಿ?

ನಾನು ಡಾಕ್ಟರ್ ಅಲ್ಲ. ನನಗೆ ಟೈಪ್ 2 ಶುಗರ್ ಬಂದು ಹದಿನೇಳು ವರ್ಷ ಆಯಿತು. ಆರು ವರ್ಷದ ಹಿಂದೆ ಹೆಚ್ಚುಕಡಿಮೆ ಇದೇ ಸಾಲುಗಳಿದ್ದ ಕಾಗದ ನನ್ನ ಕೈಗೂ ಬಂದಿತ್ತು. ಅದನ್ನು ಮಡಚಿ, ಮೇಜಿನ ಡ್ರಾಯರ್‌ನಲ್ಲಿ ಹಳೆಯ ಬಿಲ್‌ಗಳ ಅಡಿಯಲ್ಲಿ ಇಟ್ಟೆ. ನಾಲ್ಕು ತಿಂಗಳು ಅದು ಅಲ್ಲೇ ಇತ್ತು. ನೀವು ಆಗಲೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೀರಿ ಎಂದು ಓದಿ ನನಗೆ ಅರ್ಧ ಸಮಾಧಾನ ಆಯಿತು. ನಾನು ಮಾಡದ ಕೆಲಸವನ್ನು ನೀವು ಮೊದಲ ವಾರದಲ್ಲೇ ಮಾಡಿದ್ದೀರಿ.

ಮೊದಲು ಆ ರಿಪೋರ್ಟನ್ನು ಸರಿಯಾಗಿ ಓದೋಣ. ನಾನು ಅದನ್ನು ಸರಿಯಾಗಿ ಓದಿರಲೇ ಇಲ್ಲ. 'ರೆಟಿನೋಪತಿ' ಎಂಬ ಪದ ಕಂಡ ತಕ್ಷಣ ಉಳಿದದ್ದೆಲ್ಲ ಮಸುಕಾಗಿತ್ತು.

ರೆಟಿನಾ ಎಂದರೆ ಕಣ್ಣಿನ ಹಿಂಭಾಗದ ಒಳಪದರ, ನಾವು ನೋಡುವುದೆಲ್ಲ ಮೂಡುವ ಪರದೆ. ಅದಕ್ಕೆ ರಕ್ತ ಕೊಡುವ ನಾಳಗಳು ಕೂದಲಿಗಿಂತ ಸಣ್ಣವು. ಶುಗರ್ ವರ್ಷಗಟ್ಟಲೆ ಜಾಸ್ತಿ ಇದ್ದರೆ ಅವುಗಳ ಗೋಡೆ ಸಡಿಲವಾಗುತ್ತದೆ, ಆ ಹಾನಿಗೇ ರೆಟಿನೋಪತಿ ಎನ್ನುವುದು. ಮೊದಲು ಅಲ್ಲಲ್ಲಿ ಪುಟ್ಟ ಗುಳ್ಳೆಗಳ ಹಾಗೆ ಉಬ್ಬುತ್ತವೆ. ಅಷ್ಟೇ ಇದ್ದರೆ ಆರಂಭದ ಹಂತ. ಅದರ ಜೊತೆಗೆ ರಕ್ತದ ಚುಕ್ಕೆ, ಸೋರಿದ ಕೊಬ್ಬಿನ ಹಳದಿ ಕಲೆ ಕಂಡರೆ ಮಧ್ಯಮ. ಇವು ತುಂಬಾ ಹರಡಿದರೆ ತೀವ್ರ. ಕೊನೆಯದು, ರಕ್ತ ಸಾಲದೆ ರೆಟಿನಾ ಹೊಸ ನಾಳಗಳನ್ನು ಬೆಳೆಸಿಕೊಳ್ಳುವ ಹಂತ. ಆ ಹೊಸ ನಾಳಗಳು ಬಲವಿಲ್ಲದವು, ಸುಲಭವಾಗಿ ಒಡೆಯುತ್ತವೆ. ನಿಜವಾಗಿ ಹೆದರಬೇಕಾದದ್ದು ಅದಕ್ಕೆ. ನಿಮ್ಮ ರಿಪೋರ್ಟ್‌ನಲ್ಲಿ ಅದು ಇಲ್ಲ.

ಇನ್ನು ಮ್ಯಾಕುಲಾ. ಅದು ರೆಟಿನಾದ ನಟ್ಟನಡುವಿನ ಸಣ್ಣ ಜಾಗ. ಓದುವುದು, ಮುಖ ಗುರುತಿಸುವುದು ಎಲ್ಲ ಅದರ ಕೆಲಸ. ಅಲ್ಲಿ ನೀರು ಸೋರಿ ಊದಿಕೊಂಡರೆ ತೊಂದರೆ, ಮತ್ತು ಇದು ಯಾವ ಹಂತದಲ್ಲೂ ಬರಬಹುದು. ಆದರೆ 'ಅನುಮಾನ' ಎಂಬ ಪದವನ್ನು ಇನ್ನೊಮ್ಮೆ ನೋಡಿ. ತಪಾಸಣೆಯಲ್ಲಿ ತೆಗೆಯುವುದು ಮಾಮೂಲಿ ಫೋಟೋ. ಫೋಟೋದಲ್ಲಿ ದಪ್ಪ ಅಳೆಯಲು ಬರುವುದಿಲ್ಲ. ಮ್ಯಾಕುಲಾದ ಹತ್ತಿರ ಹಳದಿ ಕಲೆಯೋ ರಕ್ತದ ಚುಕ್ಕೆಯೋ ಕಂಡರೆ ಊತ ಇರಬಹುದು ಎಂದು ಬರೆದು ಮುಂದಕ್ಕೆ ಕಳಿಸುತ್ತಾರೆ. ಊತ ಇದೆಯಾ, ಎಷ್ಟಿದೆ ಎಂದು ಹೇಳುವುದು ಓಸಿಟಿ ಎಂಬ ಸ್ಕ್ಯಾನ್. ಗಲ್ಲ ಊರಿ ಕೂತರೆ ಕೆಲವೇ ನಿಮಿಷ, ಕಣ್ಣಿಗೆ ಏನೂ ತಾಕುವುದಿಲ್ಲ. ಹೀಗೆ ಅನುಮಾನದ ಮೇಲೆ ಹೋದ ಎಷ್ಟೋ ಜನರಿಗೆ ಊತವೇ ಇರುವುದಿಲ್ಲ. ನಿಮಗೂ ಹಾಗೇ ಎಂದು ನಾನು ಹೇಳಲಾರೆ. ನನಗೆ ಬಲಗಣ್ಣಿನಲ್ಲಿ ಊತ ಇತ್ತು, ಎಡಗಣ್ಣಿನಲ್ಲಿ ಇರಲಿಲ್ಲ.

ಕಣ್ಣು ಹೋಗುತ್ತದಾ ಎಂಬ ಪ್ರಶ್ನೆಗೆ ಯಾರೂ ಬರೆದುಕೊಡುವ ಉತ್ತರ ಇಲ್ಲ. ಆದರೆ ಈ ಕಾಯಿಲೆಯ ಹೆಸರು ಕೇಳಿದಾಗ ನಮ್ಮ ತಲೆಗೆ ಬರುವುದು ಚಿಕಿತ್ಸೆಯೇ ಇಲ್ಲದಿದ್ದ ಕಾಲದ ಕಥೆಗಳು. ಕೊನೆಯ ಹಂತದವರಿಗೂ ಲೇಸರ್ ಕೊಟ್ಟರೆ ದೃಷ್ಟಿ ತೀವ್ರವಾಗಿ ಹಾಳಾಗುವುದು ಅರ್ಧಕ್ಕಿಂತ ಕಡಿಮೆಯಾಗುತ್ತದೆ ಎಂದು 1976ರಲ್ಲೇ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತ್ತು. ಅದಾದ ಮೇಲೆ ಕಣ್ಣಿಗೆ ಕೊಡುವ ಇಂಜೆಕ್ಷನ್‌ಗಳು ಬಂದವು, ಓಸಿಟಿ ಬಂತು. ಈಗ ಸೋಲುವುದು ಹೆಚ್ಚಾಗಿ ತಡವಾಗಿ ಬಂದವರಲ್ಲಿ. ಕಣ್ಣು ಚೆನ್ನಾಗಿ ಕಾಣುವಾಗಲೇ ಸಿಕ್ಕಿಬಿದ್ದಿದೆ ಎಂದರೆ ತಪಾಸಣೆ ತನ್ನ ಕೆಲಸ ಮಾಡಿದೆ ಎಂದು ಅರ್ಥ.

ಈಗ ನಾನು ಮಾಡಿದ ದೊಡ್ಡ ತಪ್ಪು. ಇದಕ್ಕಾಗಿಯೇ ಈ ಉತ್ತರ ಬರೆಯಲು ಕೂತೆ.

ಡ್ರಾಯರ್‌ನಲ್ಲಿ ಕಾಗದ ಇಟ್ಟ ನಾಲ್ಕು ತಿಂಗಳು ನಾನು ಸುಮ್ನೆ ಕೂತಿರಲಿಲ್ಲ. ಮೊದಲು ಶುಗರ್ ಇಳಿಸಿಕೊಳ್ಳುತ್ತೇನೆ, ಆಮೇಲೆ ಮರ್ಯಾದೆಯಾಗಿ ಡಾಕ್ಟರ ಮುಂದೆ ಹೋಗುತ್ತೇನೆ ಎಂದುಕೊಂಡೆ. ಊಟ ಅರ್ಧಕ್ಕಿಂತ ಕಡಿಮೆ ಮಾಡಿದೆ. ಎರಡು ಹೊತ್ತು ನಡೆದೆ. ಶುಗರ್ ಡಾಕ್ಟರ ಹತ್ತಿರ ಹೋಗಿ ಮಾತ್ರೆ ಜಾಸ್ತಿ ಮಾಡಿಸಿಕೊಂಡೆ, ಇನ್ಸುಲಿನ್ ಶುರು ಮಾಡಿಸಿಕೊಂಡೆ. ಕಣ್ಣಿನ ವಿಷಯ ಮಾತ್ರ ಅವರಿಗೆ ಹೇಳಲಿಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 10.1 ಇದ್ದದ್ದು 6.9ಕ್ಕೆ ಬಂತು. ನನಗೆ ಹೆಮ್ಮೆಯೋ ಹೆಮ್ಮೆ. ಆ ಹೆಮ್ಮೆಯಲ್ಲೇ ರೆಟಿನಾ ತಜ್ಞರ ಹತ್ತಿರ ಹೋದೆ.

ಫೋಟೋ ಮೊದಲಿಗಿಂತ ಕೆಟ್ಟದಾಗಿತ್ತು. ರಕ್ತದ ಚುಕ್ಕೆಗಳು ಜಾಸ್ತಿಯಾಗಿದ್ದವು, ಬಲಗಣ್ಣಿನಲ್ಲಿ ಊತ ಇತ್ತು. ಅವರು ಹಳೆಯ ಫೋಟೋ, ಹೊಸ ಫೋಟೋ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಶುಗರ್ ಇಷ್ಟು ಬೇಗ ಯಾವಾಗ ಇಳಿಸಿದಿರಿ?"

ತುಂಬಾ ದಿನ ಜಾಸ್ತಿ ಇದ್ದ ಶುಗರ್ ಒಮ್ಮೆಲೇ ಇಳಿದರೆ, ಈಗಾಗಲೇ ರೆಟಿನೋಪತಿ ಇರುವವರಲ್ಲಿ ಕೆಲವರಿಗೆ ಅದು ಸ್ವಲ್ಪ ಕಾಲ ಉಲ್ಬಣಿಸುತ್ತದೆ. ಇದು ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಟೈಪ್ 1 ಇರುವ 1441 ಜನರ ಮೇಲೆ ನಡೆದ, 1993ರಲ್ಲಿ ಫಲಿತಾಂಶ ಬಂದ ಡಿಸಿಸಿಟಿ ಅಧ್ಯಯನದಲ್ಲಿ ಇದು ಸ್ಪಷ್ಟವಾಗಿ ಕಂಡಿತ್ತು. ಮೊದಲ ವರ್ಷದಲ್ಲಿ, ಬಿಗಿಯಾಗಿ ಶುಗರ್ ಇಳಿಸಿದ ಗುಂಪಿನ ಸುಮಾರು 13 ಶೇಕಡಾ ಜನರಿಗೆ ಕಣ್ಣು ಹದಗೆಟ್ಟಿತು, ಮಾಮೂಲಿ ಚಿಕಿತ್ಸೆಯ ಇನ್ನೊಂದು ಗುಂಪಿನಲ್ಲಿ ಸುಮಾರು 8 ಶೇಕಡಾ. ಇಷ್ಟೇ ಓದಿ ನಿಲ್ಲಿಸಿದರೆ ಮಾತ್ರ ದೊಡ್ಡ ಅನಾಹುತ. ಅದೇ ಅಧ್ಯಯನ ಮುಗಿಯುವ ಹೊತ್ತಿಗೆ, ಆಗಲೇ ರೆಟಿನೋಪತಿ ಇದ್ದವರಲ್ಲಿ ಅದು ಮುಂದುವರಿಯುವ ಅಪಾಯ ಬಿಗಿ ಹಿಡಿತದ ಗುಂಪಿನಲ್ಲಿ 54 ಶೇಕಡಾ ಕಡಿಮೆ ಇತ್ತು. ಮೊದಲು ಹದಗೆಟ್ಟವರೂ ಕೊನೆಗೆ ಇನ್ನೊಂದು ಗುಂಪಿನವರಿಗಿಂತ ಹಿಂದೆ ಬೀಳಲಿಲ್ಲ. ಶುಗರ್ ಇಳಿಸಲೇಬೇಕು. ಹೇಗೆ, ಎಷ್ಟು ವೇಗದಲ್ಲಿ ಎಂಬುದನ್ನು ಇಬ್ಬರೂ ಡಾಕ್ಟರುಗಳಿಗೆ ಗೊತ್ತಿರುವ ಹಾಗೆ ಮಾಡಬೇಕು, ಅಷ್ಟೇ. ಹೆದರಿ ಇರುವ ಔಷಧಿ ಬಿಡುವುದು ಇನ್ನೂ ದೊಡ್ಡ ತಪ್ಪು.

ಹಾಗಾಗಿ ಈ ಐದು ವಾರದಲ್ಲಿ ಮಾಡಲೇಬೇಕಾದ ಒಂದು ಕೆಲಸ ಹೇಳಿ ಎಂದರೆ, ನಾನು ಹೇಳುವುದು ಇದು. ಕಣ್ಣಿನ ರಿಪೋರ್ಟನ್ನು ನಿಮ್ಮ ಶುಗರ್ ಡಾಕ್ಟರಿಗೆ ತೋರಿಸಿ. ಹೊಸದಾಗಿ ಇನ್ಸುಲಿನ್ ಶುರು ಮಾಡುವ ಮಾತಿದ್ದರೆ, ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ಥರದ ಔಷಧಿಯ ಮಾತಿದ್ದರೆ, ಈ ರಿಪೋರ್ಟ್ ಅವರ ಕಣ್ಣಮುಂದೆ ಇರಲೇಬೇಕು. ನಿಮ್ಮ ಎಚ್‌ಬಿಎ1ಸಿ ಎಷ್ಟು ಎಂದು ನೀವು ಬರೆದಿಲ್ಲ. ತುಂಬಾ ಜಾಸ್ತಿ ಇದ್ದರೆ, ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದಾ ಎಂದು ಅವರ ಮೂಲಕವೇ ಕೇಳಿಸಿ. ಡಾಕ್ಟರ್ ಫೋನ್ ಮಾಡಿದರೆ ಐದು ವಾರ ಎರಡು ವಾರ ಆಗುವುದನ್ನು ನೋಡಿದ್ದೇನೆ. ಗರ್ಭಿಣಿಯಾಗಿದ್ದರಂತೂ ಕಾಯಲೇಬಾರದು, ಆಗ ಇದು ಬೇಗ ಮುಂದುವರಿಯಬಹುದು.

ಅದೇ ಭೇಟಿಯಲ್ಲಿ ಬಿಪಿ ನೋಡಿಸಿ. ಎಲ್ಲರೂ ಶುಗರ್ ಹಿಂದೆ ಓಡಿ ಬಿಪಿ ಮರೆಯುತ್ತೇವೆ, ನಾನೂ ಮರೆತಿದ್ದೆ. ಟೈಪ್ 2 ಇರುವವರ ಮೇಲೆ ಬ್ರಿಟನ್ನಿನಲ್ಲಿ ನಡೆದ ಯುಕೆಪಿಡಿಎಸ್ ಅಧ್ಯಯನ 1998ರಲ್ಲಿ ತೋರಿಸಿದಂತೆ, ಬಿಪಿ ಬಿಗಿಯಾಗಿ ಇಟ್ಟುಕೊಂಡವರಲ್ಲಿ ರೆಟಿನೋಪತಿ ಹದಗೆಡುವುದು ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಎಂದೂ ಪರೀಕ್ಷೆ ಮಾಡಿಸಿ. ಕಣ್ಣಿನ ಸಣ್ಣ ನಾಳಗಳಿಗೆ ಆದದ್ದು ಕಿಡ್ನಿಯ ಸಣ್ಣ ನಾಳಗಳಿಗೂ ಆಗಿರಬಹುದು. ಸಿಗರೇಟ್ ಸೇದುತ್ತಿದ್ದರೆ... ಅದನ್ನು ನಾನು ಹೇಳಬೇಕಾಗಿಲ್ಲ, ಅಲ್ವಾ.

ಕಾಯದೆ ಅವತ್ತೇ ಓಡಬೇಕಾದ ಸಂದರ್ಭಗಳೂ ಇವೆ. ಕಣ್ಣ ಮುಂದೆ ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳ ಮಳೆ, ಜೇಡರ ಬಲೆಯ ಹಾಗೆ ಎಳೆಗಳು, ಮಿಂಚು ಹೊಡೆದ ಹಾಗೆ ಬೆಳಕು, ಒಂದು ಬದಿಯಿಂದ ಪರದೆ ಎಳೆದ ಹಾಗೆ ಕತ್ತಲು, ದಿಢೀರನೆ ದೃಷ್ಟಿ ಮಂದ. ಇದರಲ್ಲಿ ಯಾವುದಾದರೂ ಆದರೆ ಅಪಾಯಿಂಟ್‌ಮೆಂಟ್ ತಾರೀಖು ನೋಡುತ್ತಾ ಕೂರಬೇಡಿ. ಬೆಳಿಗ್ಗೆ ಎದ್ದಾಗ ಒಂದೊಂದೇ ಕಣ್ಣು ಮುಚ್ಚಿ ಬಾಗಿಲಿನ ಚೌಕಟ್ಟು ನೋಡಿ. ನೇರ ಗೆರೆ ಸೊಟ್ಟಗೆ ಕಂಡರೆ ಫೋನ್ ಮಾಡಿ ಹೇಳಿ. ಎರಡೂ ಕಣ್ಣು ತೆರೆದೇ ನೋಡಿದರೆ ಒಂದರ ತೊಂದರೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ. ದಿನಕ್ಕೆ ಒಂದು ಸಲ ಸಾಕು. ನಾನು ಇಪ್ಪತ್ತು ಸಲ ನೋಡಿ, ಕೊನೆಗೆ ಗೋಡೆಯೇ ಅಲುಗಾಡುತ್ತಿದೆ ಅನ್ನಿಸುವ ಮಟ್ಟಕ್ಕೆ ಹೋಗಿದ್ದೆ. ಇನ್ನೊಂದು, ಶುಗರ್ ಏರಿಳಿತ ಇದ್ದಾಗ ಕಣ್ಣಿನ ಮಸೂರವೇ ಉಬ್ಬಿ ಇಳಿದು ಮಾಡುತ್ತದೆ. ಒಂದೆರಡು ವಾರ ನಿಧಾನವಾಗಿ ಮಸುಕಾದರೆ ಅದೂ ಕಾರಣ ಇರಬಹುದು. ಆ ಹೊತ್ತಿನಲ್ಲಿ ಹೊಸ ಕನ್ನಡಕ ಮಾಡಿಸಬೇಡಿ, ದುಡ್ಡು ದಂಡ.

ರಾತ್ರಿಯ ನಿದ್ದೆಯ ಬಗ್ಗೆ ಕೇಳಿದ್ದೀರಿ. ನನಗೆ ನಿದ್ದೆ ಕೆಡಿಸಿದ್ದು ಭಯಕ್ಕಿಂತ ಜಾಸ್ತಿ ನಾಚಿಕೆ. ನಾನೇ ತಂದುಕೊಂಡೆ ಎಂಬ ಕೊರಗು. ಆ ಕೊರಗೇ ಕಾಗದವನ್ನು ಡ್ರಾಯರ್‌ಗೆ ಹಾಕಿಸಿದ್ದು. ನಮ್ಮ ತಪ್ಪೇ ಇಲ್ಲ ಎಂದು ನಾನು ಹೇಳುವುದಿಲ್ಲ, ನನ್ನದಂತೂ ಇತ್ತು. ಆದರೆ ಎಷ್ಟು ವರ್ಷದಿಂದ ಶುಗರ್ ಇದೆ ಎಂಬುದರ ಪಾಲು ಇದರಲ್ಲಿ ತುಂಬಾ ದೊಡ್ಡದು. 1980ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೋಡಿದಾಗ, ಇಪ್ಪತ್ತು ವರ್ಷ ದಾಟಿದ ಟೈಪ್ 1 ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ, ಟೈಪ್ 2 ಇರುವವರಲ್ಲಿ ಸುಮಾರು 60 ಶೇಕಡಾ ಜನರಿಗೆ ಒಂದಲ್ಲ ಒಂದು ಮಟ್ಟದ ರೆಟಿನೋಪತಿ ಇತ್ತು. ಇವತ್ತಿನ ಚಿಕಿತ್ಸೆಯಲ್ಲಿ ಅಷ್ಟಿರಲಿಕ್ಕಿಲ್ಲ. ಆದರೂ ಅಷ್ಟೂ ಜನ ಸೋಮಾರಿಗಳಾಗಿದ್ದರು ಎಂದು ಯಾರಾದರೂ ಹೇಳುತ್ತಾರಾ? ನನ್ನನ್ನು ನೋಡಿದ ತಜ್ಞರು ನಾನು ಏನು ತಿಂದೆ ಎಂದು ಕೇಳಲೇ ಇಲ್ಲ. ಬೈಸಿಕೊಳ್ಳಲು ಸಿದ್ಧನಾಗಿ ಹೋಗಿದ್ದ ನನಗೆ ಅದು ಒಂಥರಾ ನಿರಾಸೆಯೇ ಆಯಿತು ಅನ್ನಿ.

ರಾತ್ರಿ ಹನ್ನೊಂದರ ಮೇಲೆ ಇಂಟರ್‌ನೆಟ್‌ನಲ್ಲಿ ರೆಟಿನಾದ ಫೋಟೋ ಹುಡುಕಬೇಡಿ. ಅಲ್ಲಿ ಸಿಗುವುದೆಲ್ಲ ಪಾಠ ಹೇಳಲು ಆರಿಸಿದ ಕೆಟ್ಟ ಕಣ್ಣುಗಳು. ತಲೆಗೆ ಬರುವ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ, ತಜ್ಞರ ಮುಂದೆ ಕೂತಾಗ ಒಂದೂ ನೆನಪಿಗೆ ಬರುವುದಿಲ್ಲ. ಊತ ಮಧ್ಯಬಿಂದುವಿನಲ್ಲೇ ಇದೆಯಾ, ಈಗಲೇ ಚಿಕಿತ್ಸೆ ಬೇಕಾ ಅಥವಾ ಕಾದು ನೋಡಬಹುದಾ, ಮುಂದಿನ ಫೋಟೋ ಯಾವಾಗ ಎಂಬ ಮೂರಂತೂ ಅದರಲ್ಲಿ ಇರಲಿ. ಸ್ಕ್ಯಾನಿನ ಒಂದು ಪ್ರತಿ ಕೇಳಿ ಪಡೆಯಿರಿ.

ಇಂಜೆಕ್ಷನ್ ಬೇಕು ಎಂದರೆ? ಕಣ್ಣಿಗೆ ಸೂಜಿ ಎಂದ ತಕ್ಷಣ ನನಗೆ ಕೈಕಾಲು ತಣ್ಣಗಾಗಿತ್ತು. ನಡೆದದ್ದು ಹೇಳುತ್ತೇನೆ. ಮೊದಲು ಮರಗಟ್ಟಿಸುವ ಡ್ರಾಪ್ಸ್ ಹಾಕಿದರು. ಆಮೇಲೆ ಅಯೋಡಿನ್‌ನಿಂದ ತೊಳೆದರು, ರೆಪ್ಪೆ ಮುಚ್ಚದ ಹಾಗೆ ಒಂದು ಕ್ಲಿಪ್ ಇಟ್ಟರು. ಮೇಲಕ್ಕೆ ನೋಡಿ ಅಂದರು. ಕಣ್ಣಿನ ಬಿಳಿ ಭಾಗದ ಮೇಲೆ ಒತ್ತಿದ ಹಾಗಾಯಿತು, ಮುಗಿಯಿತು. ಸೂಜಿ ನನಗೆ ಕಾಣಲೇ ಇಲ್ಲ. ನಿಜವಾಗಿ ಉರಿದದ್ದು ಸಂಜೆ, ಅಯೋಡಿನ್‌ನ ಉರಿ. ಬಿಳಿ ಭಾಗದಲ್ಲಿ ಕೆಂಪು ಕಲೆ ಒಂದು ವಾರ ಇತ್ತು, ನೋಡಿದವರಿಗೇ ನನಗಿಂತ ಜಾಸ್ತಿ ಗಾಬರಿ. ಸೋಂಕು ಬಹಳ ಅಪರೂಪ. ಆದರೆ ಮುಂದಿನ ದಿನಗಳಲ್ಲಿ ನೋವು ಮತ್ತು ಕೆಂಪು ಜಾಸ್ತಿಯಾಗುತ್ತಾ ಹೋದರೆ, ದೃಷ್ಟಿ ಮಂಕಾದರೆ ಅವತ್ತೇ ಹೋಗಬೇಕು. ಬೇಸರದ ವಿಷಯ ಏನೆಂದರೆ ಒಂದಕ್ಕೇ ಮುಗಿಯುವುದಿಲ್ಲ. ಮೊದಲ ವರ್ಷ ಎಂಟೊಂಬತ್ತು ಆಗುವುದು ಸಾಮಾನ್ಯ, ನನಗೆ ಎಂಟು ಆಯಿತು. ಎರಡನೆಯ ವರ್ಷ ಮೂರು. ಆಮೇಲೆ ಬೇಕಾಗಿಲ್ಲ, ಆದರೆ ನಾಲ್ಕು ತಿಂಗಳಿಗೊಮ್ಮೆ ಹೋಗಿ ತೋರಿಸುತ್ತೇನೆ. ಎಡಗಣ್ಣು ಹಾಗೇ ಮಧ್ಯಮ ಹಂತದಲ್ಲೇ ನಿಂತಿದೆ. ಈ ಉತ್ತರವನ್ನು ಕನ್ನಡಕ ಹಾಕಿಕೊಂಡು ನಾನೇ ಟೈಪ್ ಮಾಡುತ್ತಿದ್ದೇನೆ. ತಪಾಸಣೆಯ ಹಿಂದಿನ ರಾತ್ರಿ ಈಗಲೂ ನಿದ್ದೆ ಸರಿಯಾಗಿ ಬರುವುದಿಲ್ಲ, ಅದೊಂದು ಹೋಗಿಲ್ಲ.

ಮನೆಯಲ್ಲಿ ಹೇಳಿಲ್ಲ ಎಂದಿರಿ. ನಾನೂ ಹೇಳಿರಲಿಲ್ಲ. ಯಾವುದೋ ಹಳೆಯ ಬಿಲ್ ಹುಡುಕುವಾಗ ಆ ಕಾಗದ ನನ್ನ ಹೆಂಡತಿಗೆ ಸಿಕ್ಕಿತು. ಓದಿದಳು, ತಾರೀಖು ನೋಡಿದಳು, ನಾಲ್ಕು ತಿಂಗಳು ಹಿಂದಿನದು. ಅವಳಿಗೆ ಕಣ್ಣಿನ ವಿಷಯಕ್ಕಿಂತ ಆ ತಾರೀಖೇ ಜಾಸ್ತಿ ನೋವು ಕೊಟ್ಟಿತು. ಅವತ್ತೇ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡವಳು ಅವಳು. ಹೇಗೆ ಮಾತು ಶುರು ಮಾಡಲಿ ಎಂದು ಗೊತ್ತಾಗದಿದ್ದರೆ ಒಂದು ನೆಪ ಇದೆ. ತಜ್ಞರ ಹತ್ತಿರ ಪಾಪೆ ಅಗಲ ಮಾಡುವ ಡ್ರಾಪ್ಸ್ ಹಾಕುತ್ತಾರೆ. ನಾಲ್ಕಾರು ಗಂಟೆ ಹತ್ತಿರದ್ದು ಸರಿಯಾಗಿ ಕಾಣುವುದಿಲ್ಲ, ಬೆಳಕು ಕಣ್ಣಿಗೆ ಚುಚ್ಚುತ್ತದೆ, ಗಾಡಿ ಓಡಿಸುವ ಹಾಗಿಲ್ಲ. ವಾಪಸ್ ಕರೆದುಕೊಂಡು ಬರಲು ಯಾರಾದರೂ ಬೇಕೇ ಬೇಕು. ಅದನ್ನೇ ಕೇಳಿ: "ಆ ದಿನ ನನ್ನ ಜೊತೆ ಬರ್ತೀಯಾ?"