ಮಗುವಿನ ಕಣ್ಣಿನ ರಿಪೋರ್ಟ್‌ನಲ್ಲಿರುವ ಪದಗಳಿಗೆ ಕನ್ನಡದಲ್ಲಿ ಅರ್ಥ ಎಲ್ಲಿ ಸಿಗುತ್ತದೆ?

ನಾಲ್ಕು ವರ್ಷದ ಮಗನ ರಿಪೋರ್ಟ್‌ನಲ್ಲಿ ಟೋಸಿಸ್, ಎಪಿಕ್ಯಾಂಥಸ್, ಟೆಲಿಕ್ಯಾಂಥಸ್, ಆಂಬ್ಲಿಯೋಪಿಯಾ ಅಂತೆಲ್ಲ ಇದೆ, ಇವಕ್ಕೆ ಅರ್ಥ ಗೊತ್ತಾದರೆ ಆಪರೇಷನ್ ಬೇಕೋ ಬೇಡವೋ ಅಂತ ತೀರ್ಮಾನ ಮಾಡಬಹುದು ಅಂದಿದ್ದೀರಿ. ಎಂಟು ವರ್ಷದ ಹಿಂದೆ ನಾನೂ ಹೀಗೇ ರಾತ್ರಿ ಕೂತು ಹುಡುಕುತ್ತಿದ್ದೆ. ನನ್ನ ಕೈಯಲ್ಲಿದ್ದದ್ದು ಮಗಳ ರಿಪೋರ್ಟ್. ಅವಳಿಗೂ ಆಗ ನಾಲ್ಕು ವರ್ಷ.

ಅವಳ ಎಡಗಣ್ಣಿನ ರೆಪ್ಪೆ ಹುಟ್ಟಿದಾಗಿನಿಂದ ಸ್ವಲ್ಪ ಕೆಳಗೆ ಜೋತಿತ್ತು. ಫೋಟೋ ತೆಗೆದರೆ ಒಂದು ಕಣ್ಣು ನಿದ್ದೆಯಲ್ಲಿರುವ ಹಾಗೆ ಕಾಣುತ್ತಿತ್ತು. ನೆಂಟರೆಲ್ಲ ಕೇಳುವವರೇ. ಕೊನೆಗೆ ಬೆಂಗಳೂರಿನ ಒಂದು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆವು. ರಿಪೋರ್ಟ್‌ನಲ್ಲಿ ಮೊದಲ ಪದವೇ ಟೋಸಿಸ್. ಗ್ರೀಕ್ ಭಾಷೆಯಲ್ಲಿ ಬೀಳುವುದು ಅಂತ ಅರ್ಥ. ರೆಪ್ಪೆ ಎತ್ತುವ ಸ್ನಾಯು ಸರಿಯಾಗಿ ಬೆಳೆದಿಲ್ಲ, ಅದಕ್ಕೇ ರೆಪ್ಪೆ ಇಳಿಬಿದ್ದಿದೆ, ಅಷ್ಟೇ. ನಾನು ಆ ಒಂದು ಪದವನ್ನೇ ಹಿಡಿದುಕೊಂಡೆ. ಡಾಕ್ಟರ್ ಮುಂದೆ ಕೂತು ಕೇಳಿದ್ದೆಲ್ಲ ಅದೇ. ಆಪರೇಷನ್ ಯಾವಾಗ, ಎಷ್ಟು ಖರ್ಚು, ಕಲೆ ಉಳಿಯುತ್ತಾ, ಮುಂದೆ ಹುಡುಗಿಯ ಮದುವೆಗೆ ತೊಂದರೆ ಆಗುತ್ತಾ.

ಡಾಕ್ಟರ್ ಶಾಂತವಾಗಿ ಹೇಳಿದರು, ರೆಪ್ಪೆ ಕಣ್ಣಿನ ಪಾಪೆಯನ್ನು ಮುಚ್ಚುತ್ತಿಲ್ಲ, ಆಪರೇಷನ್‌ಗೆ ಅವಸರ ಇಲ್ಲ, ಈಗ ಕನ್ನಡಕ ಹಾಕಿ, ದಿನಾ ಪ್ಯಾಚ್ (ಒಂದು ಕಣ್ಣನ್ನು ಮುಚ್ಚುವ ಅಂಟುಪಟ್ಟಿ) ಹಾಕಿ ಅಂತ. ಹೊರಗೆ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿಸಿಕೊಂಡ ಮಗಳು ಅಳುತ್ತಿದ್ದಳು, ಹೆಂಡತಿ ಅವಳ ಹತ್ತಿರ ಇದ್ದಳು. ಚೀಟಿ ತೆಗೆದುಕೊಂಡು ಎದ್ದು ಬಂದೆ.

ಈಗ ನನ್ನ ತಪ್ಪಿನ ವಿಷಯ. ಇದನ್ನು ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ನಿಮಗೆ ಬೇಕಾಗಿರುವುದು ಇದೇ.

ನನ್ನದು ಮೆಡಿಕಲ್ ಶಾಪ್. ತಿಪಟೂರಿನಲ್ಲಿ ಆಗಲೇ ಹದಿನಾರು ವರ್ಷ ಕೌಂಟರ್‌ನಲ್ಲಿ ನಿಂತಿದ್ದೆ. ಡಾಕ್ಟರುಗಳ ಚೀಟಿ ಓದುವುದೇ ನನ್ನ ಹೊಟ್ಟೆಪಾಡು. ಅವತ್ತಿನ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಇದ್ದದ್ದು ಒಂದೇ ಸಾಲು: ‘ಪ್ಯಾಚ್ ಓಡಿ, 2 ಅವರ್ಸ್’. ನಮ್ಮ ಅಂಗಡಿಗಳಲ್ಲಿ ಓಡಿ (OD) ಅಂದರೆ ದಿನಕ್ಕೆ ಒಂದು ಸಲ. ಬಿಡಿ ಅಂದರೆ ಎರಡು ಸಲ, ಟಿಡಿಎಸ್ ಅಂದರೆ ಮೂರು ಸಲ. ದಿನಕ್ಕೆ ನೂರು ಸಲ ಓದುವ ಅಕ್ಷರ ಅದು. ಹಾಗಾಗಿ ನನಗೆ ಅನುಮಾನವೇ ಬರಲಿಲ್ಲ. ದಿನಕ್ಕೊಂದು ಸಲ, ಎರಡು ಗಂಟೆ ಪ್ಯಾಚ್. ಯಾವ ಕಣ್ಣಿಗೆ? ತೊಂದರೆ ಇರುವ ಕಣ್ಣಿಗೇ ತಾನೇ? ಗಾಯ ಇದ್ದ ಕಡೆ ಅಲ್ವಾ ಬ್ಯಾಂಡೇಜ್ ಕಟ್ಟುವುದು?

ಆದರೆ ಕಣ್ಣಿನ ಡಾಕ್ಟರು ಬರೆಯುವ ಓಡಿ ಬೇರೆ. ಅದು ಲ್ಯಾಟಿನ್. ಆಕ್ಯುಲಸ್ ಡೆಕ್ಸ್‌ಟರ್, ಅಂದರೆ ಬಲಗಣ್ಣು. ಓಎಸ್ ಅಂದರೆ ಎಡಗಣ್ಣು, ಓಯು ಅಂದರೆ ಎರಡೂ ಕಣ್ಣು. ನನ್ನ ಮಗಳ ಬಲಗಣ್ಣು ಚೆನ್ನಾಗಿತ್ತು. ಆ ಚೆನ್ನಾಗಿರುವ ಕಣ್ಣನ್ನೇ ದಿನಕ್ಕೆ ಎರಡು ಗಂಟೆ ಮುಚ್ಚಿ ಅಂತ ಡಾಕ್ಟರ್ ಬರೆದಿದ್ದರು. ನಾನು ಐದು ತಿಂಗಳು, ಒಂದು ದಿನವೂ ತಪ್ಪಿಸದೆ, ಸೋತ ಎಡಗಣ್ಣನ್ನೇ ಮುಚ್ಚಿದೆ.

ಚೆನ್ನಾಗಿರುವ ಕಣ್ಣನ್ನು ಯಾಕೆ ಮುಚ್ಚಬೇಕು ಅಂತ ನಿಮಗೂ ಅನ್ನಿಸಬಹುದು. ಆಂಬ್ಲಿಯೋಪಿಯಾ ಅಂದರೆ ಜನ ಸೋಮಾರಿ ಕಣ್ಣು ಅನ್ನುತ್ತಾರಲ್ಲ, ಅದು. ಆ ಹೆಸರು ನನಗೆ ಇಷ್ಟವಿಲ್ಲ, ಮಗುವಿನದೇ ತಪ್ಪು ಅನ್ನುವ ಹಾಗಿದೆ. ತೊಂದರೆ ಇರುವುದು ಮಿದುಳು ನೋಡಲು ಕಲಿಯುವುದರಲ್ಲಿ. ಒಂದು ಕಣ್ಣಿನಿಂದ ಮಸುಕು ಚಿತ್ರ ಬರುತ್ತಿದ್ದರೆ ಮಿದುಳು ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ಕಣ್ಣನ್ನೇ ನಂಬುತ್ತದೆ. ಹ್ಯೂಬೆಲ್ ಮತ್ತು ವೀಸೆಲ್ ಎಂಬ ಇಬ್ಬರು ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆ ಹೊಲಿದು, ಕೆಲವು ವಾರ ಬಿಟ್ಟು ಬಿಚ್ಚಿ ನೋಡಿದರು. ಕಣ್ಣು ಸರಿಯಾಗಿಯೇ ಇತ್ತು, ಆದರೆ ಮಿದುಳಿನ ಕೋಶಗಳು ಆ ಕಣ್ಣಿಗೆ ಓಗೊಡುವುದನ್ನೇ ಬಹುಮಟ್ಟಿಗೆ ಬಿಟ್ಟಿದ್ದವು. 1981ರಲ್ಲಿ ಅವರಿಗೆ ನೊಬೆಲ್ ಬಂತು. ಚೆನ್ನಾಗಿರುವ ಕಣ್ಣನ್ನು ಸ್ವಲ್ಪ ಹೊತ್ತು ಮುಚ್ಚಿದರೆ ಮಿದುಳಿಗೆ ಬೇರೆ ದಾರಿ ಇಲ್ಲ, ಸೋತ ಕಣ್ಣನ್ನು ಬಳಸಲೇಬೇಕು. ಇದು ಮಗು ಚಿಕ್ಕದಿರುವಾಗ ಸುಲಭ, ದೊಡ್ಡದಾದಷ್ಟೂ ಕಷ್ಟ. ಹಾಗಾಗಿ ಐದು ತಿಂಗಳು ಅಂದರೆ ಸಣ್ಣದಲ್ಲ.

ರೆಪ್ಪೆ ಪಾಪೆಯನ್ನು ಮುಚ್ಚದಿದ್ದರೂ ಹೀಗಾಗುವುದು ಹೇಗೆ ಅಂತ ಆಮೇಲೆ ತಿಳಿಯಿತು. ಜೋತ ರೆಪ್ಪೆ ಇರುವ ಕಣ್ಣಿನಲ್ಲಿ ಎಷ್ಟೋ ಸಲ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರದ) ಆಕಾರ ಸಮವಾಗಿರುವುದಿಲ್ಲ. ಅದಕ್ಕೆ ಅಸ್ಟಿಗ್ಮ್ಯಾಟಿಸಂ ಅನ್ನುತ್ತಾರೆ. ಚಿತ್ರ ಒಂದು ದಿಕ್ಕಿಗೆ ಎಳೆದ ಹಾಗೆ ಮಸುಕಾಗುತ್ತದೆ. ಮಗಳಿಗೆ ಕನ್ನಡಕ ಕೊಟ್ಟಿದ್ದು ಅದಕ್ಕೆ. ಈ ಪದ ಕೂಡ ರಿಪೋರ್ಟ್‌ನಲ್ಲಿತ್ತು, ಮಧ್ಯದಲ್ಲೆಲ್ಲೋ. ನಾನು ಓದಿಯೂ ಓದಿರಲಿಲ್ಲ.

ಐದು ತಿಂಗಳಾದ ಮೇಲೆ ಮತ್ತೆ ಹೋದೆವು. ಎಡಗಣ್ಣಿನ ದೃಷ್ಟಿ 6/24 ಇದ್ದದ್ದು 6/24ರಲ್ಲೇ ಇತ್ತು, ಅಂದರೆ ಸರಿಯಾದ ಕಣ್ಣು 24 ಮೀಟರ್ ದೂರದಿಂದ ಓದುವ ಅಕ್ಷರವನ್ನು ಈ ಕಣ್ಣು 6 ಮೀಟರ್‌ನಿಂದ ಓದಬೇಕು; 6/6 ಅಂದರೆ ಸರಿಯಾದ ದೃಷ್ಟಿ. ಡಾಕ್ಟರಿಗೆ ಆಶ್ಚರ್ಯ. ಪ್ಯಾಚ್ ಹಾಕಿದರೆ ಅಳುತ್ತಾಳಾ ಅಂತ ಕೇಳಿದರು. ಇಲ್ಲ ಮೇಡಂ, ಖುಷಿಯಾಗಿ ಆಡಿಕೊಂಡಿರುತ್ತಾಳೆ ಅಂದೆ. ಅವರು ಪೆನ್ ಕೆಳಗಿಟ್ಟು, ಒಂದು ಸಲ ಹಾಕಿ ತೋರಿಸಿ ಅಂದರು. ನಾನು ಮಗಳ ಎಡಗಣ್ಣಿಗೆ ಅಂಟಿಸಿದೆ. ಅವರು ಏನೂ ಬೈಯಲಿಲ್ಲ. ಮೆಲ್ಲಗೆ ಅದನ್ನು ಬಿಡಿಸಿ ಬಲಗಣ್ಣಿಗೆ ಅಂಟಿಸಿದರು. ಮಗಳು ಎರಡೂ ಕೈ ಮುಂದೆ ಚಾಚಿದಳು. ನಾನು ಎದುರಿಗೇ ಇದ್ದೆ, ಆದರೂ ‘ಅಪ್ಪಾ, ಎಲ್ಲಿದೀಯಾ’ ಅಂದಳು.

ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಅವತ್ತಿನಿಂದ ಸರಿಯಾದ ಕಣ್ಣಿಗೆ ಶುರು ಮಾಡಿದೆವು. ಮೊದಲ ಎರಡು ವಾರ ನರಕ. ಕಿತ್ತು ಎಸೆಯುತ್ತಿದ್ದಳು, ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳು. ನನ್ನ ಅತ್ತೆ ಒಂದು ಉಪಾಯ ಮಾಡಿದರು. ಪ್ಯಾಚ್ ಹಾಕಿದ ಕೂಡಲೇ ತಟ್ಟೆಯಲ್ಲಿ ಅವರೆಕಾಳು ಮತ್ತು ಕಡಲೆಬೀಜ ಬೆರೆಸಿ ಇಡುತ್ತಿದ್ದರು, ಅವಳು ಕೂತು ಬೇರೆ ಮಾಡಬೇಕು. ಕೆಲವು ತಿಂಗಳಲ್ಲಿ ಅವರೆಕಾಳು ಹೋಗಿ ಹೆಸರುಕಾಳು, ಉದ್ದಿನಕಾಳು ಬಂತು. ಒಂದು ದಿನ ಸಾಸಿವೆಯೊಳಗಿಂದ ರಾಗಿ ಆರಿಸಿದಳು. ಡಾಕ್ಟರ್ ಚಾರ್ಟ್ ನೋಡುವ ಮೊದಲೇ ನಮಗೆ ಗೊತ್ತಾಗಿತ್ತು. ಆರೂವರೆ ವರ್ಷಕ್ಕೆ ಎಡಗಣ್ಣು 6/9ಕ್ಕೆ ಬಂತು. ಅಲ್ಲಿಗೇ ನಿಂತಿತು. ಆ ಐದು ತಿಂಗಳು ಹಾಳಾಗದಿದ್ದರೆ 6/6 ಆಗುತ್ತಿತ್ತಾ ಅಂತ ಕೇಳಿದ್ದೆ. ಹಾಗೆ ಹೇಳೋಕೆ ಆಗಲ್ಲ ಅಂದರು ಡಾಕ್ಟರ್. ನಾನು ಮಾತ್ರ ಆಗುತ್ತಿತ್ತು ಅಂದುಕೊಂಡೇ ಬದುಕುತ್ತಿದ್ದೇನೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಪದಗಳ ಪಟ್ಟಿ ಬೇಡ. ಅರ್ಥ ಬೇಕಿದ್ದರೆ ಎರಡು ನಿಮಿಷದ ಕೆಲಸ. ಎಪಿಕ್ಯಾಂಥಸ್ ಅಂದರೆ ಮೂಗಿನ ಪಕ್ಕ ಕಣ್ಣಿನ ಒಳಮೂಲೆಯನ್ನು ಮುಚ್ಚುವ ಚರ್ಮದ ಮಡಿಕೆ. ಎಷ್ಟೋ ಮಕ್ಕಳಿಗೆ ಇರುತ್ತದೆ. ಇದರಿಂದ ಕಣ್ಣು ನೆಟ್ಟಗಿದ್ದರೂ ಮೆಳ್ಳೆಗಣ್ಣಿನ ಹಾಗೆ ಕಾಣುವುದುಂಟು. ಟೆಲಿಕ್ಯಾಂಥಸ್ ಅಂದರೆ ಎರಡು ಕಣ್ಣುಗಳ ಒಳಮೂಲೆಗಳ ನಡುವೆ ಅಂತರ ಜಾಸ್ತಿ ಇರುವುದು. ಆದರೆ ಇವುಗಳನ್ನು ಬಿಡಿಬಿಡಿಯಾಗಿ ಕಲಿತರೆ ದಾರಿ ತಪ್ಪುತ್ತೀರಿ. ಜೋತ ರೆಪ್ಪೆ, ಚರ್ಮದ ಮಡಿಕೆ, ಅಗಲವಾದ ಅಂತರ, ಜೊತೆಗೆ ಕಣ್ಣಿನ ಸೀಳು ಕಿರಿದಾಗಿರುವುದು, ಈ ನಾಲ್ಕೂ ಸೇರಿದರೆ ಅದು ಬ್ಲೆಫರೋಫಿಮೋಸಿಸ್ ಎಂಬ ಒಂದೇ ತೊಂದರೆ ಇರಬಹುದು. ಸಾಮಾನ್ಯವಾಗಿ ವಂಶದಲ್ಲಿ ಬರುವಂಥದ್ದು. ನಿಮ್ಮ ಮಗನಿಗೆ ಅದೇ ಅಂತ ನಾನು ಹೇಳುತ್ತಿಲ್ಲ, ಆ ಹೆಸರು ಹೇಳಿ ಡಾಕ್ಟರನ್ನು ಕೇಳಿ ಅಂತ ಹೇಳುತ್ತಿದ್ದೇನೆ.

ಆಪರೇಷನ್ ಬೇಕೋ ಬೇಡವೋ ಅನ್ನುವುದು ಮೊದಲ ಪ್ರಶ್ನೆಯೇ ಅಲ್ಲ. ರೆಪ್ಪೆ ಪಾಪೆಯನ್ನು ಮುಚ್ಚುತ್ತಿದೆಯಾ, ಇದು ಮೊದಲ ಪ್ರಶ್ನೆ. ಮುಚ್ಚುತ್ತಿದ್ದರೆ ಒಂದು ದಿನವೂ ಕಾಯಬೇಡಿ. ಮಗ ಗದ್ದ ಮೇಲೆತ್ತಿ, ಹುಬ್ಬು ಏರಿಸಿ ನೋಡುತ್ತಾನಾ ಅಂತ ಮನೆಯಲ್ಲೇ ಗಮನಿಸಿ, ಡಾಕ್ಟರಿಗೆ ಹೇಳಿ. ಇನ್ನು, ರೆಪ್ಪೆ ಎತ್ತಿಸಿದ ಮಾತ್ರಕ್ಕೆ ಆಂಬ್ಲಿಯೋಪಿಯಾ ಹೋಗುವುದಿಲ್ಲ. ಅದಕ್ಕೆ ಕನ್ನಡಕ, ಪ್ಯಾಚ್‌ನಂಥ ಬೇರೆ ಚಿಕಿತ್ಸೆ ಬೇಕು. ನನ್ನ ಮಗಳಿಗೆ ಏಳನೇ ವರ್ಷಕ್ಕೆ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ನಿದ್ದೆಯಲ್ಲಿ ಆ ಕಣ್ಣು ಪೂರ್ತಿ ಮುಚ್ಚುವುದಿಲ್ಲ, ಅದಕ್ಕೆ ರಾತ್ರಿ ಜೆಲ್ ಹಾಕುತ್ತೇವೆ. ಅದು ದೊಡ್ಡ ವಿಷಯವಲ್ಲ.

ಪ್ಯಾಚ್ ಎಷ್ಟು ಗಂಟೆ ಅಂತ ನೀವೇ ಜಾಸ್ತಿ ಮಾಡಬೇಡಿ. ಮಧ್ಯಮ ಮಟ್ಟದ ಆಂಬ್ಲಿಯೋಪಿಯಾ ಇರುವ ಚಿಕ್ಕ ಮಕ್ಕಳಲ್ಲಿ ದಿನಕ್ಕೆ ಎರಡು ಗಂಟೆ ಮುಚ್ಚಿದರೂ ಆರು ಗಂಟೆ ಮುಚ್ಚಿದರೂ ಸುಧಾರಣೆ ಸರಿಸುಮಾರು ಒಂದೇ ಅಂತ ಅಮೆರಿಕದಲ್ಲಿ 2003ರಲ್ಲೇ ಅಧ್ಯಯನ ಬಂದಿದೆ.

ಇನ್ನೊಂದು ಮಾತು, ಇದು ನಿಮ್ಮ ರಿಪೋರ್ಟ್‌ನಲ್ಲಿಲ್ಲ, ಆದರೂ ಹೇಳಲೇಬೇಕು. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಯಾವ ಮಗುವಿನದಾದರೂ ಪಾಪೆ ಬೆಳ್ಳಗೆ ಹೊಳೆದರೆ ಅದಕ್ಕೆ ಲ್ಯೂಕೋಕೋರಿಯಾ ಅನ್ನುತ್ತಾರೆ. ಪೊರೆ ಇರಬಹುದು, ರೆಟಿನಾದ (ಕಣ್ಣಿನ ಹಿಂಭಾಗದ ಪರದೆಯ) ಕ್ಯಾನ್ಸರ್ ಕೂಡ ಇರಬಹುದು. ಅರ್ಥ ಹುಡುಕುತ್ತಾ ಕೂರದೆ ತಕ್ಷಣ ಕರೆದುಕೊಂಡು ಹೋಗಿ.

ಓಡಿ ಅನ್ನುವ ಅಕ್ಷರದಿಂದ ಮೋಸ ಹೋದವನು ನಾನೊಬ್ಬನೇ ಅಲ್ಲ. ಔಷಧಿಯ ತಪ್ಪುಗಳನ್ನು ಗಮನಿಸುವ ಅಮೆರಿಕದ ಐಎಸ್‌ಎಂಪಿ ಸಂಸ್ಥೆ ಇದನ್ನು ಅಪಾಯದ ಸಂಕ್ಷೇಪಗಳ ಪಟ್ಟಿಯಲ್ಲೇ ಇಟ್ಟಿದೆ. ನಮ್ಮ ಡಾಕ್ಟರುಗಳು ‘ಬಲಗಣ್ಣು’ ಅಂತ ಪೂರ್ತಿ ಬರೆದರೆ ಏನು ಕಷ್ಟ? ನಾನಂತೂ ಈಗ ಕಣ್ಣಿನ ಡ್ರಾಪ್ಸ್ ಕೊಡುವಾಗ ಡಬ್ಬಿಯ ಮೇಲೆ ಕನ್ನಡದಲ್ಲಿ ಯಾವ ಕಣ್ಣು ಅಂತ ಬರೆದೇ ಕೊಡುತ್ತೇನೆ. ಅನುಮಾನ ಬಂದರೆ ಡಾಕ್ಟರಿಗೆ ಫೋನ್ ಮಾಡಿ ಕೇಳಿಯೇ ಬರೆಯುತ್ತೇನೆ.

ನಿಮ್ಮ ರಿಪೋರ್ಟ್‌ನ ಕೊನೆಯ ಸಾಲು ಏನಿದೆ ಅಂತ ನೀವು ಬರೆದಿಲ್ಲ. ಪ್ಯಾಚ್ ಅಂತ ಇದ್ದರೆ ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಫೋನ್ ಮಾಡಿ, ಬಲಗಣ್ಣಿಗೋ ಎಡಗಣ್ಣಿಗೋ ಅಂತ ಕೇಳಿ, ಚೀಟಿಯ ಮೇಲೆ ಕನ್ನಡದಲ್ಲಿ ಬರೆದುಕೊಳ್ಳಿ.