ಗಾಳಿಯ ಪೈಪಿನೊಳಗೆ ಮಳೆಗಾಲ

ಪ್ರಶ್ನೆ: ಬೈಕುಗಳಿಗೆ ಬಣ್ಣ ಹೊಡೆಯುವ ಸಣ್ಣ ಶೆಡ್ ನನ್ನದು. ಮೂರು ಎಚ್‌ಪಿ ಕಂಪ್ರೆಸರ್ ಇದೆ. ಮಳೆ ಹಿಡಿದ ಮೇಲೆ ಬಣ್ಣದ ಸ್ಪ್ರೇ ಗನ್‌ನಿಂದ ನೀರು ಸಿಡಿದು, ಒಂದೇ ಪೆಟ್ರೋಲ್ ಟ್ಯಾಂಕಿಗೆ ಎರಡು ಸಲ ಬಣ್ಣ ಬಳಿದೆ. ಕಂಪ್ರೆಸರಿನ ಬಾಯಿಗೇ ಹೊಸ ಫಿಲ್ಟರ್ ಕೂರಿಸಿದರೂ ನೀರು ನಿಂತಿಲ್ಲ. ಫಿಲ್ಟರ್ ನಕಲಿ ಇರಬಹುದೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಅಂಗಡಿಯವನನ್ನು ಬೈಯುವ ಮೊದಲು, ಯಂತ್ರ ಅರ್ಧ ಗಂಟೆ ಓಡಿದ ಮೇಲೆ ಆ ಫಿಲ್ಟರಿನ ಬಟ್ಟಲನ್ನು ಮುಟ್ಟಿ ನೋಡಿ. ಬೆಚ್ಚಗಿದೆಯಲ್ಲವೇ? ಅಲ್ಲಿ ನೀರು ಇನ್ನೂ ಆವಿಯಾಗಿಯೇ ಇರುತ್ತದೆ. ಫಿಲ್ಟರಿಗೆ ಸಿಗುವುದು ಹನಿ ಮಾತ್ರ. ಆವಿ ಸಲೀಸಾಗಿ ದಾಟಿ, ಮುಂದೆ ಹೋಸ್‌ನಲ್ಲಿ ತಣಿದು, ನಿಮ್ಮ ಬಣ್ಣದ ಮೇಲೆ ಬೀಳುತ್ತದೆ.

ಜುಲೈ ತಿಂಗಳ ಕರಾವಳಿಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚುಕಡಿಮೆ 24 ಗ್ರಾಂ ನೀರಿರುತ್ತದೆ. ಅದನ್ನು 8 ಬಾರ್ ಒತ್ತಡಕ್ಕೆ ಅದುಮಿ ತಣಿಸಿದರೆ ಆವಿಯಾಗಿ ಉಳಿಯುವುದು ಮೂರೇ ಗ್ರಾಂ. ಮಿಕ್ಕಿದ್ದೆಲ್ಲ ನೀರು. ನಿಮ್ಮ ಯಂತ್ರ ಬಿಡದೆ ಒಂದು ಗಂಟೆ ಓಡಿದರೆ ಎರಡು ಲೋಟಕ್ಕೆ ಮೋಸವಿಲ್ಲ!

ಆದ್ದರಿಂದ ಮೊದಲು ತಣಿಸಿ, ಆಮೇಲೆ ಹಿಡಿಯಿರಿ. ಗೋಡೆಯ ಮೇಲೆ 25–30 ಅಡಿ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಹತ್ತಿಸಿ ಇಳಿಸಿ ಹಾಯಿಸಿ, ಪ್ರತಿ ಇಳಿತದ ತಳಕ್ಕೂ ನಿಂತ ನೀರು ಹೊರಬಿಡಲು ಒಂದು ಬಾಲ್ ವಾಲ್ವ್ ಹಾಕಿ. ಫಿಲ್ಟರನ್ನು ಕಿತ್ತು ಈ ಸಾಲಿನ ಕೊನೆಗೆ, ಗನ್‌ನ ಹೋಸ್ ಸಿಕ್ಕಿಸುವಲ್ಲಿ ಕೂರಿಸಿ. ಅಡ್ಡ ಪೈಪಿನಿಂದ ಕವಲು ತೆಗೆಯುವಾಗ ಅದರ ಬೆನ್ನಿನಿಂದ, ಅಂದರೆ ಮೇಲ್ಬದಿಯಿಂದ ತೆಗೆಯಿರಿ, ಕೆಳಗಿನ ಹೊಟ್ಟೆಯಿಂದ ಬೇಡ. ನಾನು ಪೈಪು ತಿರುಗಿಸುವ ಒಂದು ಎಲ್ಬೋ ಉಳಿಸಲು ಹೋಗಿ ಹೊಟ್ಟೆಯಿಂದ ತೆಗೆದಿದ್ದೆ. ಪೈಪಿನಲ್ಲಿ ಹರಿದ ನೀರೆಲ್ಲ ನೇರವಾಗಿ ಗನ್‌ಗೆ ಇಳಿದು, ಗಿರಾಕಿಯ ಎದುರೇ ಕೆಂಪು ಬಣ್ಣದ ಮಡ್‌ಗಾರ್ಡ್ ಗುಳ್ಳೆ ಎದ್ದಿತು. ಅಗ್ಗವೆಂದು ಪಿವಿಸಿ ಪೈಪ್ ಮಾತ್ರ ತರಬೇಡಿ. ಒತ್ತಡಕ್ಕೆ ಒಡೆದರೆ ಅದರ ಚೂರುಗಳು ಚಾಕುವಿನಂತೆ ಹಾರುತ್ತವೆ.

ಇಷ್ಟಾದ ಮೇಲೂ ತೇವ ಕಂಡರೆ ಗನ್‌ಗೆ ಮೊದಲು ತೇವ ಹೀರುವ ಸಿಲಿಕಾ ಜೆಲ್ ಹರಳಿನ ಡಬ್ಬಿ ಸೇರಿಸಿ. ನೀಲಿ ಹರಳು ಗುಲಾಬಿಯಾದರೆ ನೀರು ಕುಡಿದು ತುಂಬಿದೆ ಎಂದರ್ಥ. 120 ಡಿಗ್ರಿಯಲ್ಲಿ ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ, ಆದರೆ ಅಡುಗೆಮನೆಯ ಪಾತ್ರೆ ಮುಟ್ಟಬೇಡಿ. ಬಹುಪಾಲು ನೀರು ಹಿಡಿಯುವ ಕೆಲಸವನ್ನೂ ಈ ಡಬ್ಬಿಗೇ ಹೊರಿಸಿದರೆ ದಿನಕ್ಕೆರಡು ಬಾರಿ ಹರಳು ಹುರಿಯುತ್ತ ಕೂರಬೇಕಾಗುತ್ತದೆ.

ಅಂದ ಹಾಗೆ, ಕಂಪ್ರೆಸರ್ ಟ್ಯಾಂಕಿನ ಅಡಿಯ ನಲ್ಲಿಯ ಸುದ್ದಿಯೇ ನಿಮ್ಮ ಪತ್ರದಲ್ಲಿಲ್ಲ. ದಿನವೂ ಸಂಜೆ ತುಸು ಒತ್ತಡ ಇರುವಾಗಲೇ ಅದನ್ನು ತಿರುಗಿಸಿ. ಹಾಲು ಬೆರೆಸಿದ ಚಹಾದಂತೆ ಬರುವ ನೀರಿನಲ್ಲಿ ಎಣ್ಣೆಯೂ ಇರುತ್ತದೆ. ತೆಂಗಿನ ಬುಡಕ್ಕೆ ಸುರಿಯದೆ ಹಳೆಯ ಡಬ್ಬಿಯಲ್ಲಿ ಹಿಡಿದಿಡಿ.