ಸೊಸೆಕಲ್ಲಿನ ಕಥೆಯೂ ಅಕ್ಷರ ಕಲಿಕೆಯೂ: ಸಂಪಾದಕರ ಉತ್ತರ

ಮಾನ್ಯರೇ,

ಅರಸೀಕೆರೆ ತಾಲ್ಲೂಕಿನ ನಿಮ್ಮೂರಿನ ವಯಸ್ಕರ ಕಲಿಕಾ ಕೇಂದ್ರದಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಹಾಸನಾಂಬೆಯ ಸೊಸೆಕಲ್ಲಿನ ಕಥೆಯನ್ನು ಆಡಿ ತೋರಿಸಿದ್ದನ್ನೂ, ಅದರ ಬೆನ್ನಿಗೇ ಬಂದ ಎರಡು ಆಕ್ಷೇಪಗಳನ್ನೂ ವಿವರವಾಗಿ ಬರೆದಿದ್ದೀರಿ. ದೇವರ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ ಚರ್ಚೆಗೆ ಹಚ್ಚಿದಿರೆಂದು ಹಿರಿಯರೊಬ್ಬರು ನೊಂದುಕೊಂಡರು. ಪುರಾಣ ಹೇಳಿ ಮೂಢನಂಬಿಕೆ ಬೆಳೆಸಬೇಡಿ ಎಂದು ಯುವ ಶಿಕ್ಷಕರೊಬ್ಬರು ಎಚ್ಚರಿಸಿದರು. ಇಂಥ ಕಥೆಗಳನ್ನು ಕಲಿಕೆಗೆ ಬಳಸುವುದು ಸರಿಯೇ ಎಂದು ಕೇಳಿದ್ದೀರಿ. ಸರಿ ಎಂದೇ ನನ್ನ ಉತ್ತರ. ಆದರೆ ಕೊನೆಗೊಂದು ನೀತಿಯನ್ನು ಅಂಟಿಸದೆ, ತೀರ್ಮಾನವನ್ನು ನೋಡುವವರ ಪಾಲಿಗೆ ಬಿಡಬೇಕು.

ಹೊರಗಿನ ಓದುಗರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ದಿನವೂ ದೇವಿಯ ದರ್ಶನಕ್ಕೆ ಹೋಗುತ್ತಿದ್ದ ಸೊಸೆಯನ್ನು ಅತ್ತೆ ಹಿಂಬಾಲಿಸಿ ಬಂದು ಬಟ್ಟಲಿನಿಂದ ತಲೆಗೆ ಕುಕ್ಕುತ್ತಾಳೆ. ನೋವಿನಿಂದ ಕೂಗಿಕೊಂಡ ಸೊಸೆಯನ್ನು ದೇವಿ ಕಲ್ಲಾಗಿಸಿ ತನ್ನ ಸನ್ನಿಧಿಯಲ್ಲೇ ಇರಿಸಿಕೊಳ್ಳುತ್ತಾಳೆ. ಆ ಕಲ್ಲು ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿಯತ್ತ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಎಂಬುದು ಜನರ ನಂಬಿಕೆ.

ವರ್ಷಕ್ಕೊಮ್ಮೆ ದೀಪಾವಳಿಯ ಆಸುಪಾಸಿನಲ್ಲಿ ಬಾಗಿಲು ತೆರೆಯುವ ಆ ಗುಡಿಯ ಮುಂದೆ ಸಾಲು ನಿಲ್ಲುವವರಲ್ಲಿ ಈ ಕಥೆ ಕೇಳದವರು ವಿರಳ, ಮತ್ತು ಕಲಿಕೆಯ ದೃಷ್ಟಿಯಿಂದ ಅದೇ ದೊಡ್ಡ ಅನುಕೂಲ. ಬೇರೆ ಪಾಠಗಳಲ್ಲಿ ಬಲ್ಲವರು ಶಿಕ್ಷಕರು, ಉಳಿದವರು ಕೇಳುವವರು. ಇಲ್ಲಿ ಹೆಬ್ಬೆಟ್ಟು ಒತ್ತುವ ಅಜ್ಜಿಯೇ ಶಿಕ್ಷಕರಿಗಿಂತ ಹೆಚ್ಚು ಬಲ್ಲವಳು. ಜೊತೆಗೆ, ಯಾರ ಮನೆಯ ಹೆಸರನ್ನೂ ಎತ್ತದೆ ಎಲ್ಲರ ಮನೆಯೊಳಗಿನ ಮಾತನ್ನು ಆಡಲು ಈ ಕಥೆ ದಾರಿ ಮಾಡಿಕೊಡುತ್ತದೆ. ಅತ್ತೆಯ ಪಾತ್ರಧಾರಿ ಸ್ಟೀಲ್ ಬಟ್ಟಲನ್ನು ಎತ್ತಿ ಹಿಡಿದ ಕ್ಷಣಕ್ಕೆ ನೀವು ಆಟ ನಿಲ್ಲಿಸಿದಾಗ, ಹಿಂದೆ ಕೂತಿದ್ದ ಹೆಂಗಸೊಬ್ಬರು ‘ಇವಳ ಗಂಡ ಎಲ್ಲಿಗೆ ಹೋಗಿದ್ದ?’ ಎಂದು ಕೇಳಿದರಂತೆ. ಆ ಸಾಲನ್ನು ಎರಡೆರಡು ಸಲ ಓದಿದೆ. ನಮ್ಮ ಕಡೆ ಹೇಳುವ ಕಥೆಯಲ್ಲಿ ಗಂಡನ ಸುದ್ದಿಯೇ ಇಲ್ಲ. ಇಷ್ಟು ಕಾಲ ಕೇಳುತ್ತ ಬಂದರೂ ನನಗೆ ಅದು ಹೊಳೆದಿರಲಿಲ್ಲ. ನೀವು ಆ ಪ್ರಶ್ನೆಯನ್ನೇ ಕರಿಹಲಗೆಯ ಮೇಲೆ ಬರೆದು, ಅಂದಿನ ಓದಿನ ಪಾಠ ಮಾಡಿದ್ದು ಬಹಳ ಒಳ್ಳೆಯ ಕೆಲಸ. ಬ್ರೆಜಿಲ್‌ನ ಶಿಕ್ಷಣತಜ್ಞ ಪಾವ್ಲೊ ಫ್ರೇರೆ ಅಕ್ಷರ ಕಲಿಸಿದ್ದು ಹೀಗೆಯೇ, ಕಲಿಯುವವರ ಬದುಕಿನಿಂದ ಆಯ್ದ ಮಾತುಗಳಿಂದ. ಅದೇ ದೇಶದ ರಂಗಕರ್ಮಿ ಅಗಸ್ಟೊ ಬೋಲ್ 1973ರಲ್ಲಿ ಪೆರುವಿನ ಸಾಕ್ಷರತಾ ಕಾರ್ಯಕ್ರಮದಲ್ಲಿ ರಂಗಭೂಮಿಯನ್ನು ಬಳಸಿದರು. ನೋಡುವವರೇ ಆಟವನ್ನು ತಡೆದು, ರಂಗಕ್ಕೆ ಬಂದು ಬೇರೆ ದಾರಿಯನ್ನು ಆಡಿ ತೋರಿಸುವ ಪದ್ಧತಿ ಅವರ ಕೈಯಲ್ಲಿ ಬೆಳೆಯಿತು.

ಇದು ನಮಗೆ ಪೂರ್ತಿ ಹೊಸದೂ ಅಲ್ಲ. ಬಯಲುಸೀಮೆಯ ಯಕ್ಷಗಾನವಾದ ಮೂಡಲಪಾಯದ ಆಟದಲ್ಲಿ ರಂಗಕ್ಕೆ ಬಂದವನು ರಾಜನೇ ಆಗಿರಲಿ, ತಾವು ಯಾರು, ಬಂದ ಕಾರಣವೇನು ಎಂದು ಸಾರಥಿಯೆಂಬ ಪಾತ್ರಧಾರಿ ವಿಚಾರಿಸದೆ ಬಿಡುವುದಿಲ್ಲ. ನಿಮ್ಮ ಸೀಮೆಯಲ್ಲಿ ಮೂಡಲಪಾಯದ ಭಾಗವತರು ಇನ್ನೂ ಇದ್ದರೆ ಅವರನ್ನು ಕೇಂದ್ರಕ್ಕೆ ಕರೆಸಿ. ಪ್ರಶ್ನೆ ಕೇಳುವ ಆ ವರಸೆಯನ್ನು ನಿಮ್ಮ ಹೆಣ್ಣುಮಕ್ಕಳು ಅವರಿಂದ ಕಲಿಯುವಷ್ಟು ಚೆನ್ನಾಗಿ ಯಾವ ತರಬೇತಿ ಶಿಬಿರದಲ್ಲೂ ಕಲಿಯಲಾರರು.

ಯುವ ಶಿಕ್ಷಕರ ಆತಂಕದಲ್ಲೂ ಹುರುಳಿದೆ. ಪೆಟ್ಟು ತಿಂದವಳಿಗೆ ಕಲ್ಲಾಗುವುದೊಂದೇ ಬಿಡುಗಡೆ ಎಂಬಲ್ಲಿಗೆ ಆಟ ಮುಗಿದರೆ ಅನ್ಯಾಯವಾಗುತ್ತದೆ. ಗಂಡನಷ್ಟೇ ಅಲ್ಲ, ಅತ್ತೆ ಹಿಂಸಿಸಿದರೂ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡಬಹುದು, ಮಹಿಳಾ ಸಹಾಯವಾಣಿಯ ಸಂಖ್ಯೆ 181 ಎಂಬ ಮಾಹಿತಿ ಅದೇ ಸಂಜೆ, ಅದೇ ಜಗಲಿಯ ಮೇಲೆ ಸಿಗಬೇಕು. ಆ ಹೊಣೆಯನ್ನು ಶಿಕ್ಷಕರಿಗೇ ವಹಿಸಿ.

ಕಥೆಯ ಆಯ್ಕೆಯೂ ಊರನ್ನು ನೋಡಿ ಆಗಬೇಕು. ಮೂಡಿಗೆರೆ, ಸಕಲೇಶಪುರದ ಕಾಫಿ ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ ನಾನಾ ಕಡೆಯಿಂದ ಬಂದ, ನಾನಾ ಧರ್ಮದ ಕುಟುಂಬಗಳಿವೆ. ಅಲ್ಲಿ ಬಾಬಾ ಬುಡನ್ ಏಳು ಕಾಫಿ ಬೀಜಗಳನ್ನು ತಂದ ಐತಿಹ್ಯ ಹೆಚ್ಚು ಒಪ್ಪೀತು. ಬೀಜ ತಂದವರ ಹೆಸರು ಉಳಿಯಿತು, ಹಣ್ಣು ಕುಯ್ದವರ ಹೆಸರೆಲ್ಲಿ ಎಂದು ಅಲ್ಲಿನ ಮಕ್ಕಳೇ ಕೇಳಬಲ್ಲರು.

ಇನ್ನು ಆ ಹಿರಿಯರ ವಿಷಯ. ಅವರ ನೋವನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ. ಕಥೆಯನ್ನು ಇಷ್ಟು ದಿನ ಕಾಪಾಡಿಕೊಂಡು ಬಂದವರು ಅಂಥವರೇ. ಮುಂದಿನ ಸಲ ಆಟಕ್ಕೆ ಮೊದಲು, ಅವರು ಕೇಳಿ ಬೆಳೆದ ರೀತಿಯಲ್ಲೇ ಕಥೆಯನ್ನು ಅವರ ಬಾಯಿಂದ ಪೂರ್ತಿಯಾಗಿ ಹೇಳಿಸಿ, ಯಾರೂ ನಡುವೆ ಬಾಯಿ ಹಾಕದಿರಲಿ. ಅನಂತರ ಆಟ ಶುರುವಾಗಲಿ. ಕಾಣೆಯಾದ ಗಂಡನ ಪಾತ್ರಕ್ಕೆ ಈ ಸಲ ಊರಿನ ಗಂಡಸರೊಬ್ಬರನ್ನು ಒಪ್ಪಿಸಲು ನೋಡಿ. ಅವರು ಬಂದು ಏನು ಹೇಳಿದರು ಎಂಬುದನ್ನು ಬರೆದು ಕಳಿಸಿದರೆ ಪತ್ರಿಕೆಯಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ